ಒಡೆಯದ ಗುಂಡು

ಶೈಲಶ್ರೀ ಬಲಗೈಯನ್ನು ತಲೆಯ ಮೇಲೆ ಎತ್ತಿಕೊಂಡು ಮೈದಾನದಿಂದ ಹೊರಗೆ ನಡೆದುಬಂದಳು. ಬೇಲಿಯ ಪಕ್ಕ ನಿಂತಿದ್ದ ಅವಳ ಗುರು ಸಂಜುವಿಗೆ ಅದು ಸರಿಯಾಗಿಯೇ ಕಂಡಿತು. ಬಾಯಿ ತೆರೆದು ನಿಂತವನು ಮಲೇಷ್ಯಾದಿಂದ ಬಂದಿದ್ದ ತರಬೇತುದಾರ ಲಿಮ್.

ಲಿಮ್ ಅವಳನ್ನು ಒಂದು ಸುತ್ತು ಹಾಕಿ ನೋಡಿದ. ಎದೆ, ಬೆನ್ನು, ಮುಖವಾಡ, ಬೂಟು, ಎಲ್ಲಿಯೂ ಬಣ್ಣದ ಹನಿಯಿಲ್ಲ. ಯಾಕೆ ಬಂದೆ ಎಂದು ಇಂಗ್ಲಿಷಿನಲ್ಲಿ ಕೇಳಿದ. ಹೆಗಲಿಗೆ ಬಡಿಯಿತು ಎಂದಳು. ಒಡೆಯಿತೇ ಎಂದ. ಇಲ್ಲ ಎಂದಳು. ಅವನು ಸಂಜುವಿನ ಮುಖ ನೋಡಿದ, ಸಂಜು ಶೈಲಶ್ರೀಯ ಮುಖ ನೋಡಿದ. ಮೂವರಿಗೂ ತಲೆಬುಡ ತಿಳಿಯಲಿಲ್ಲ.

ಪೇಂಟ್‌ಬಾಲ್ ಎಂದರೆ ಬಣ್ಣದ ಗುಂಡು ಹಾರಿಸಿ ಎದುರಾಳಿಯನ್ನು ಹೊರಗಟ್ಟುವ ಆಟ. ಗುಂಡು ಮೈಮೇಲೆ ಒಡೆದರೆ ಮಾತ್ರ ಔಟು. ಜಗತ್ತಿನಲ್ಲೆಲ್ಲ ಅದೇ ನಿಯಮ. ಪುಣೆಯ ಅಂಚಿನ ಕಾತ್ರಜದ ಈ ಮೈದಾನದ್ದೇ ಬೇರೆ. ಇಲ್ಲಿಗೆ ಗುಂಡುಗಳು ಹಡಗಿನಲ್ಲಿ ಬಂದು, ತಗಡಿನ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಬಿದ್ದು ರಬ್ಬರಿನಂತಾಗುತ್ತಿದ್ದವು. ಹತ್ತರಲ್ಲಿ ನಾಲ್ಕು ಒಡೆದರೆ ಪುಣ್ಯ. ಹಾಗಾಗಿ ೨೦೦೩ರಲ್ಲಿ ಮೈದಾನ ಶುರುವಾದಾಗಲೇ ಸಂಜು ಹೇಳಿಬಿಟ್ಟಿದ್ದ, ಬಡಿದರೆ ಸಾಕು, ಕೈ ಎತ್ತಬೇಕು ಅಂತ. ಬಡಿಸಿಕೊಂಡವರ ಮಾತೇ ಸಾಕ್ಷಿ. ಮೂರು ವರ್ಷ ಹೀಗೇ ಆಡಿ ಶೈಲಶ್ರೀಯ ಕೈ ಅವಳನ್ನು ಕೇಳದೆಯೇ ಮೇಲೇಳುತ್ತಿತ್ತು.

ಸಂಜು ಇದನ್ನೆಲ್ಲ ಬಿಡಿಸಿ ಹೇಳಿದಾಗ ಲಿಮ್ ನಕ್ಕುಬಿಟ್ಟ. ತನ್ನ ಊರಿನ ಹುಡುಗರು ಬಡಿದ ಮೇಲೂ ಓಡುತ್ತಲೇ ಇರುತ್ತಾರೆ, ರೆಫರಿ ಬಂದು ಬಣ್ಣ ತೋರಿಸಬೇಕು ಎಂದ. ಇಲ್ಲಿಯವರೋ ತಾಗಿದರೇ ಮುಗಿಯಿತೆಂದು ಅಡಗುವುದನ್ನು ಕಲಿತಿದ್ದಾರೆ. ಇಷ್ಟು ಚೆನ್ನಾಗಿ ಅಡಗುವವರನ್ನು ತಾನು ಎಲ್ಲಿಯೂ ಕಂಡಿಲ್ಲ ಎಂದ. ಹೊಗಳಿದನೋ ತೆಗಳಿದನೋ, ಶೈಲಶ್ರೀಗೆ ತಿಳಿಯಲಿಲ್ಲ. ಮೂರು ವರ್ಷ ತಾನು ಆಡಿದ್ದು ಯಾವ ಆಟ ಎಂಬುದೇ ಗೊಂದಲವಾಯಿತು.

ಪಂದ್ಯಕ್ಕೆಂದು ಬ್ಯಾಂಕಾಕಿಗೆ ಹೋಗುವ, ಲಿಮ್ ಆರಿಸುತ್ತಿದ್ದ ತಂಡದಲ್ಲಿ ಒಂದೇ ಜಾಗ ಉಳಿದಿತ್ತು. ಅದು ಶೈಲಶ್ರೀಗೋ ಅವಳ ಜೊತೆಗೇ ಕಲಿತ ರೇಣುವಿಗೋ ಎಂದು ತೀರ್ಮಾನಿಸಲು ಇಬ್ಬರೇ ಕೊನೆಯ ಆಟ ಆಡಬೇಕು, ಅದೂ ಹೊರಗಿನ ನಿಯಮದಂತೆ ಎಂದು ಲಿಮ್ ಹೇಳಿದ. ಜಾಗ ಸಿಗದಿದ್ದರೆ ಶೈಲಶ್ರೀ ಈ ಹುಚ್ಚು ಬಿಟ್ಟು ಬ್ಯಾಂಕ್ ಪರೀಕ್ಷೆಯ ಕ್ಲಾಸಿಗೆ ಸೇರಬೇಕು. ಹಾಗಂತ ಬಿಬವೇವಾಡಿಯ ಮನೆಯಲ್ಲಿ ಅಪ್ಪ ನಿಜಲಿಂಗಪ್ಪ ಖಡಾಖಂಡಿತವಾಗಿ ಹೇಳಿಯಾಗಿತ್ತು.

"ಒಡದ್ರಷ್ಟ ಔಟ್ ಅಂತ ರೇಣುಗ ನೀನ ಹೇಳಿಬಿಡು. ನಾ ಗ್ಯಾಸ್ ತುಂಬಿಸ್ಕೊಂಡು ಬರ್ತೀನಿ," ಎಂದು ಸಂಜು ಬಂದೂಕುಗಳನ್ನು ಎತ್ತಿಕೊಂಡು ಹೋದ.

ರೇಣು ದೂರದ ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದಳು. ನಿಗಡಿಯಿಂದ ಎರಡು ಬಸ್ಸು ಬದಲಿಸಿ ಬರುವ ಹುಡುಗಿ. ಶೈಲಶ್ರೀಯನ್ನು ಕಂಡದ್ದೇ ತನ್ನ ಬಾಟಲಿ ಚಾಚಿ, ಅಪ್ಪ ಮೆತ್ತಗಾದನೇ ಎಂದು ವಿಚಾರಿಸಿದಳು. ಇಲ್ಲ ಎಂದು ಶೈಲಶ್ರೀ ನೀರು ಕುಡಿದಳು. ಹೇಳಬೇಕು ಅಂದುಕೊಂಡಳು. ಬಾಟಲಿ ತಿರುಗಿ ಕೊಟ್ಟಳು. ಅಷ್ಟರಲ್ಲಿ ಆಟದ ಸೀಟಿ ಕೇಳಿಸಿತು. ಅಯ್ಯೋ, ಒಂದು ಮಾತಿಗೆ ಎಷ್ಟು ಹೊತ್ತು ಬೇಕಿತ್ತು!

ಆಟ ಶುರುವಾಗಿ ಎರಡು ನಿಮಿಷಕ್ಕೆ ಶೈಲಶ್ರೀಯ ತೊಡೆಗೆ ಗುಂಡು ಬಡಿಯಿತು. ಕೈ ಏಳಲು ಹೊರಟಿತು. ಅವಳು ಬಂದೂಕನ್ನು ಗಟ್ಟಿಯಾಗಿ ಹಿಡಿದು ಕೆಳಗೆ ನೋಡಿಕೊಂಡಳು. ಬಣ್ಣವಿಲ್ಲ. ಹಲ್ಲು ಕಚ್ಚಿ, ಮರೆಗೆಂದು ಇಟ್ಟಿದ್ದ ಡ್ರಮ್ಮುಗಳ ಹಿಂದೆ ಓಡಿದಳು, ರೇಣುವಿನ ಬೆನ್ನು ಕಂಡಿತು, ಹಾರಿಸಿದಳು.

ರೇಣು ತಕ್ಷಣ ಕೈ ಎತ್ತಿದಳು.

ಆಟಗಾರ ತಾನಾಗಿ ಕೈ ಎತ್ತಿದರೆ ಬಣ್ಣವಿರಲಿ ಬಿಡಲಿ ಔಟು, ಅದಕ್ಕೆ ಎರಡನೆಯ ಮಾತಿಲ್ಲ. ಲಿಮ್ ಶೈಲಶ್ರೀಯ ಹೆಸರು ಬರೆದುಕೊಂಡ. ಇದು ಗೆಲುವು ಹೌದೋ ಅಲ್ಲವೋ ಅವಳಿಗೆ ಬಗೆಹರಿಯಲಿಲ್ಲ. ರೇಣು ಮುಖವಾಡ ತೆಗೆದು, ಕಣ್ಣು ತುಂಬಿದ್ದರೂ ನಗುತ್ತ ಬಂದು ಅವಳ ಕೈ ಕುಲುಕಿದಳು.

"ಭಾಳ ಛಂದ ಹೊಡದಿ ನೋಡು. ಬೆನ್ನಿಗೆ ಬಣ್ಣ ಹತ್ತಿದ್ರ ಸ್ವಲ್ಪ ಒರಸವಾ, ಬಸ್ಸಿನಾಗ ಹೋಗೂದದ," ಎಂದು ತಿರುಗಿ ನಿಂತಳು.

ಬಿಳಿಯ ಅಂಗಿ, ಬೆವರಿಗೆ ಬೆನ್ನಿಗಂಟಿಕೊಂಡಿತ್ತು. ಶೈಲಶ್ರೀ ಕರವಸ್ತ್ರ ತೆಗೆದು, ಏನೂ ಹತ್ತದ ಆ ಬೆನ್ನನ್ನು ಮೆಲ್ಲಗೆ ಒರೆಸತೊಡಗಿದಳು.