ಒಂದು ಕಿವಿ ನನಗೆ, ಒಂದು ಅದಕ್ಕೆ

ಮಿಸ್ ಓರ್ಲೀನ್ ಹೆಬರ್ಟ್ ನಡೆಯುವಾಗ ಅವರ ತಲೆ ಸದಾ ಎಡಕ್ಕೆ ವಾಲಿರುತ್ತಿತ್ತು. ನೆಲದಡಿಯಲ್ಲಿ ಯಾರೋ ಪಿಸುಗುಡುತ್ತಿದ್ದಾರೆ, ಅದನ್ನು ಪೂರ್ತಿ ಕೇಳಿಸಿಕೊಂಡ ಮೇಲೆಯೇ ಮುಂದಿನ ಹೆಜ್ಜೆ ಇಡಬೇಕು ಎಂಬಂತೆ, ನಮ್ಮ ಪೈನ್ ಬ್ಲಫ್ ಹಳ್ಳಿಗಿರುವ ಒಂದೇ ಒಂದು ಕಾಲುದಾರಿಯಲ್ಲಿ ಅವರು ನಿಂತು ನಿಂತು ಬರುತ್ತಿದ್ದರು. ಹೊಸಬರು ಅದನ್ನು ಕತ್ತಿನ ರೋಗವೆಂದು ತಿಳಿದು ಎಣ್ಣೆ ಹಚ್ಚಿಕೊಳ್ಳಲು ಹೇಳುತ್ತಿದ್ದರು. ಅದು ರೋಗವಲ್ಲ, ವೃತ್ತಿ. ಹಿನ್ನೀರಿನ ನಡುವೆ ದೋಣಿಯ ಇಂಜಿನ್ ನಿಲ್ಲಿಸಿ, ಹುಟ್ಟಿನ ಅಲಗನ್ನು ನೀರಿಗಿಳಿಸಿ, ಅದರ ಹಿಡಿಯನ್ನು ಎಡಗಿವಿಗೆ ಒತ್ತಿಕೊಂಡು ಅವರು ಜೀವಮಾನದ ಬಹುಭಾಗವನ್ನು ಕಳೆದಿದ್ದರು. ನೀರಡಿಯಲ್ಲಿ ಹುಲ್ಲು ಮೇಯುವ, ಎಮ್ಮೆಗಾತ್ರದ ಮನಾಟಿಗಳ ಕೀಚಲು ದನಿಯೂ ಡಾಲ್ಫಿನ್‌ಗಳ ಸಿಳ್ಳೆಯೂ ಹುಟ್ಟಿನ ಮರವನ್ನು ಹತ್ತಿ ಕಿವಿಗೆ ಬರುತ್ತವೆ. ನಮ್ಮ ಬೇಟೆಗಾರರು ಕೊಲ್ಲುವುದಕ್ಕೆಂದು ಕಂಡುಕೊಂಡಿದ್ದ ಉಪಾಯ ಅದು. ಈ ಪ್ರಾಣಿಗಳ ಅಧ್ಯಯನಕ್ಕೆಂದು ವಿಶ್ವವಿದ್ಯಾಲಯ ಕೊಟ್ಟ ಯಂತ್ರಗಳನ್ನೆಲ್ಲ ಉಪ್ಪುಗಾಳಿ ತಿಂದುಹಾಕಿದ ಮೇಲೆ ಅವರು ಆ ಉಪಾಯವನ್ನು ಬೇಟೆಗಾರರಿಂದಲೇ ಕೇಳಿ ಕಲಿತರು.

ಇನ್ನು ಅವರ ಹಳದಿ ಮಳೆಕೋಟು. ಬಿಸಿಲು ತಲೆ ಸೀಳುವಾಗಲೂ ಅದನ್ನು ಕಳಚಿದವರಲ್ಲ. ಹರಿದ ಕಡೆಯಲ್ಲೆಲ್ಲ ಸೈಕಲ್ ಟ್ಯೂಬಿನ ಕಪ್ಪು ತೇಪೆಗಳಿದ್ದವು. ಬಲಜೇಬಿನಲ್ಲಿ ತೆಂಗಿನ ಬ್ರೆಡ್ಡು, ಎಡಜೇಬಿನಲ್ಲಿ ಪರೀಕ್ಷೆಗೆಂದು ನೀರಿನ ಮೇಲಿಂದ ಎತ್ತಿಕೊಂಡ ಮನಾಟಿಯ ಲದ್ದಿ. ಒಮ್ಮೆ ಪಾದ್ರಿ ಟಿಂಕಮ್ ಅವರ ಮನೆಯಲ್ಲಿ ಕಾಫಿಗೆ ಕೂತಾಗ ಯಾವುದೋ ಯೋಚನೆಯಲ್ಲಿ ತಪ್ಪು ಜೇಬಿಗೆ ಕೈಹಾಕಿ, ಒಂದು ಉಂಡೆಯನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಬಿಟ್ಟರು. ಪಾದ್ರಿಗಳ ಹೆಂಡತಿ ಕುರ್ಚಿಯಿಂದ ಎದ್ದು ನಿಂತರು.

“ಗಾಬರಿ ಆಗ್ಬೇಡಿ,” ಎಂದರು ಮಿಸ್ ಓರ್ಲೀನ್, ಅದನ್ನು ನಿಧಾನವಾಗಿ ವಾಪಸ್ಸು ಎತ್ತಿಕೊಳ್ಳುತ್ತ. “ಬರೀ ಹುಲ್ಲು ಇದು. ಪಾದ್ರಿಗಳು ಬೆಳಿಗ್ಗೆ ತಿಂದ ಏಡಿಗಿಂತ ಶುದ್ಧ.”

ಅವರ ಬಾಯಲ್ಲಿ ಒಂದು ಮಾತು ಬೇರುಬಿಟ್ಟಿತ್ತು: “ಆಮೇಲೆ?” ಬಲೆ ಹರಿಯಿತೆಂದರೂ “ಆಮೇಲೆ?”, ಹೆಂಡತಿ ತವರಿಗೆ ಹೋದಳೆಂದರೂ “ಆಮೇಲೆ?” ಅದು ಒಣ ಕುತೂಹಲವಾಗಿರಲಿಲ್ಲ, ಹೇಳುವವನ ಹೊಟ್ಟೆಯಲ್ಲಿ ಉಳಿದದ್ದನ್ನೂ ಹೊರಗೆ ತರಿಸುವ ತಾಳ್ಮೆಯಾಗಿತ್ತು. ಬೆನ್ನಿನ ರೆಕ್ಕೆಯ ಕಚ್ಚುಗಳನ್ನು ನೋಡಿ ಪ್ರತಿ ಡಾಲ್ಫಿನ್ನನ್ನೂ ಗುರುತಿಸುತ್ತಿದ್ದ ಅವರು, ಬಂಧುಗಳ ಮನೆಯ ಸುದ್ದಿ ಹೇಳುವ ಧಾಟಿಯಲ್ಲಿ, “ಆ ಹರಕು ಬೆನ್ನಿನವಳು ಮತ್ತೆ ಮಗಳ ಜೊತೆ ಮುನಿಸಿಕೊಂಡಿದ್ದಾಳೆ, ಮೇಷ್ಟ್ರೇ,” ಎಂದು ನನಗೆ ವರದಿ ಒಪ್ಪಿಸುತ್ತಿದ್ದರು.

ನಾನು ಈ ಊರಿಗೆ ಶಾಲಾ ಮೇಷ್ಟರಾಗಿ ಬಂದ ಹೊಸದರಲ್ಲೇ ಅವರು ನನ್ನನ್ನು ಒಮ್ಮೆ ಬೆಚ್ಚಿಬೀಳಿಸಿದರು. ಎರಡನೆಯ ಸಲದ ಬೆಚ್ಚು ಇಂದಿಗೂ ಮೈಯಿಂದ ಇಳಿದಿಲ್ಲ. ಅದನ್ನು ಹೇಳುವ ಮೊದಲು ಊರಿನ ಪದ್ಧತಿಯೊಂದನ್ನು ಹೇಳಬೇಕು.

ಸರಕಾರದ ಲೆಕ್ಕದಲ್ಲಿ ಮನಾಟಿಯನ್ನು ಕೊಲ್ಲುವುದು ಅಪರಾಧ. ಊರಿನ ಲೆಕ್ಕದಲ್ಲಿ, ಕೊಂದು ಹಂಚದಿರುವುದು ಅಪರಾಧ. ಯಾರ ಈಟಿಗೆ ಬಿದ್ದರೂ ಮಾಂಸ ಮಾರುವಂತಿಲ್ಲ, ಮನೆಮನೆಗೂ ಪಾಲು ಹೋಗಬೇಕು. ಪಾಲು ತಿಂದವರು ಹೊರಗೆ ಬಾಯಿಬಿಡುವುದಿಲ್ಲ. ಪಾಲು ಬೇಡವೆಂದವರು ಊರಿನವರಲ್ಲ, ಅವರ ಎದುರು ಯಾರೂ ಬಾಯಿಬಿಡುವುದಿಲ್ಲ. ತಿಂದಾದ ಮೇಲೆ ಎಲ್ಲ ಮನೆಗಳಿಂದಲೂ ಮೂಳೆಗಳನ್ನು ಕೂಡಿಸಿ, ಪ್ರಾಣಿ ಸತ್ತ ಜಾಗದ ನೀರಿಗೇ ಒಪ್ಪಿಸಬೇಕು. ಇಲ್ಲವಾದರೆ ಉಳಿದ ಮನಾಟಿಗಳು ಆ ನೀರನ್ನು ಬಿಟ್ಟು ಹೋಗುತ್ತವೆ.

ಒಂದು ಮಧ್ಯಾಹ್ನ ಅವರ ಮನೆಗೆ ಹೋದಾಗ ಮಿಸ್ ಓರ್ಲೀನ್ ಊಟಕ್ಕೆ ಕೂತಿದ್ದರು. ತೆಂಗಿನ ಹಾಲಿನಲ್ಲಿ ಮರಗೆಣಸಿನೊಂದಿಗೆ ಬೆಂದ ಆ ಮಾಂಸ ಯಾವುದೆಂದು ವಾಸನೆಯೇ ಹೇಳಿತು; ಅದರ ಪಾಲು ನನ್ನ ಮನೆಗೂ ಬಂದಿತ್ತು. ನಾನು ಹೊಸ್ತಿಲಲ್ಲೇ ದಂಗಾಗಿ ನಿಂತೆ. ಮನಾಟಿಗಳ ಪರವಾಗಿ ದೇಶದೇಶಗಳಲ್ಲಿ ಮಾತಾಡಿ ಬಂದ ಹೆಂಗಸು ಮನಾಟಿಯನ್ನು ತಿನ್ನುತ್ತಿದ್ದಾರೆ!

“ನಿಮಗೆ... ಇದು ಹೇಗೆ ಗಂಟಲಲ್ಲಿ ಇಳಿಯುತ್ತೆ?” ಎಂದೆ.

“ಇಳಿಯಲ್ಲ, ಮೇಷ್ಟ್ರೇ. ಇಳಿಸ್ತೀನಿ,” ಎಂದರು. “ಈ ತಟ್ಟೆ ಬರಲಿಲ್ಲ ಅಂದ್ರೆ ಒಂದು ಸತ್ತಿದೆ ಅನ್ನೋದೇ ನನಗೆ ಗೊತ್ತಾಗಲ್ಲ.”

ರಾಜಧಾನಿಯವರು ವಿಮಾನದಲ್ಲಿ ಹಾರಾಡಿ ಮನಾಟಿಗಳನ್ನು ಎಣಿಸುತ್ತಿದ್ದ ಕಾಲ ಅದು. ನಮ್ಮ ಹಿನ್ನೀರಿಗೆ ಕಾಫಿಯ ಬಣ್ಣ. ಮೇಲಿನಿಂದ ಅವರಿಗೆ ಕಂಡದ್ದು ಮೋಡದ ನೆರಳು. ಎಷ್ಟು ಸತ್ತವು, ಯಾವ ವಯಸ್ಸಿನವು, ಯಾವ ಕಾಲುವೆಯಲ್ಲಿ ಎಂಬುದು ಈ ಕರಾವಳಿಯಲ್ಲೇ ತಿಳಿದಿದ್ದದ್ದು ಮಿಸ್ ಓರ್ಲೀನ್ ಒಬ್ಬರಿಗೆ. ಯಾರ ಈಟಿ ಎಂದು ಮಾತ್ರ ಅವರು ಯಾವ ಅಧಿಕಾರಿಗೂ ಹೇಳಲಿಲ್ಲ. ಪರದೇಶದಿಂದ ಬಂದ ಸಹೋದ್ಯೋಗಿಯೊಬ್ಬಳು ಅವರ ತಟ್ಟೆಯನ್ನು ಕಂಡು ಅಂದೇ ದೋಣಿ ಹತ್ತಿದಳು. ಮುಂದೆ ದೊಡ್ಡ ಸಭೆಗಳಿಂದ ಇವರಿಗೆ ಕರೆ ಬರುವುದು ನಿಂತಿತು. ಅದನ್ನು ನಾನು ಬೇಸರದಿಂದ ಎತ್ತಿದಾಗ ಅವರು ಹುಟ್ಟಿನ ಹಿಡಿಯನ್ನು ಒರೆಸುತ್ತ, “ಆಮೇಲೆ?” ಎಂದು ನನ್ನನ್ನೇ ಕೇಳಿದರು.

ಅವರಿಗೆ ಬೇಕಾಗಿದ್ದದ್ದು ಕಿವಿಯ ಮೂಳೆ. ಮರದ ಕಾಂಡದಲ್ಲಿರುವಂತೆ ಅದರೊಳಗೂ ವರ್ಷವರ್ಷದ ಗೆರೆಗಳಿರುತ್ತವಂತೆ. ತೆಳುವಾಗಿ ಸೀಳಿ ನೋಡಿದರೆ ಪ್ರಾಣಿಯ ವಯಸ್ಸು ತಿಳಿಯುತ್ತದೆ. ಅದನ್ನು ಅವರು ಮರೆಲ್ ಪೆರಾಲ್ಟಾನ ಹತ್ತಿರ ಮೊದಲ ಸಲ ಕೇಳಿದ ಪ್ರಸಂಗವನ್ನು ಊರು ಇಂದಿಗೂ ಆಡಿಕೊಂಡು ನಗುತ್ತದೆ. ಮರೆಲ್ ನಮ್ಮ ಬೇಟೆಗಾರರಲ್ಲಿ ಹಿರಿಯ. ಎಲ್ಲರೂ ಅವನನ್ನು ದಾಮಾ, ಎಂದರೆ ಅಜ್ಜ, ಎಂದೇ ಕರೆಯುತ್ತಾರೆ.

“ಅಲ್ಲ ತಾಯಿ, ಕಿವಿ ನೀನು ಇಟ್ಕೊಂಡ್ರೆ ಅದು ಯಾತರಲ್ಲಿ ಕೇಳಿಸ್ಕೊಳ್ಳುತ್ತೆ? ತನ್ನವರು ಕರೆದಾಗ ದಾರಿ ತಪ್ಪಲ್ವಾ?” ಎಂದಿದ್ದ ದಾಮಾ.

“ಎರಡು ಕಿವಿ ಇದಾವಲ್ಲ ದಾಮಾ. ಒಂದು ನನಗೆ, ಒಂದು ಅದಕ್ಕೆ.”

ಮಿಸ್ ಓರ್ಲೀನ್ ಅವರ ವಾಲಿದ ತಲೆಯನ್ನು ನೋಡಿ ದಾಮಾ, “ಸರಿ. ನೀನೂ ಒಂದೇ ಕಿವೀಲಿ ಸಂಸಾರ ಮಾಡ್ತಿದ್ದೀಯ. ಅದೂ ಮಾಡ್ಲಿ,” ಎಂದ. ಅಂದಿನಿಂದ ಪಾಲಿನ ಜೊತೆಗೆ ಒಂದು ಕಿವಿಮೂಳೆಯೂ ತಪ್ಪದೆ ಬರತೊಡಗಿತು.

ಈಗ ಈಸ್ಟರಳ ಸಂಗತಿಗೆ ಬರಬೇಕು. ಬರಲು ಮನಸ್ಸಿಲ್ಲ.

ಈಸ್ಟರ್ ಹಬ್ಬದ ಮರುದಿನ ಸತ್ತ ತಾಯಿಯ ಪಕ್ಕದಲ್ಲಿ, ಎಡಗೈಯಂತಿರುವ ಈಜುರೆಕ್ಕೆಗೆ ಬಲೆಯ ಹಗ್ಗ ಸುತ್ತಿಕೊಂಡು ಸಿಕ್ಕ ಹೆಣ್ಣು ಮನಾಟಿ ಮರಿ ಅದು; ಹೆಸರೂ ಆ ಹಬ್ಬದಿಂದಲೇ ಬಂದದ್ದು. ಹಗ್ಗ ಮಾಂಸದೊಳಕ್ಕೆ ಕೊರೆದಿತ್ತು. ದಡದ ಪಕ್ಕ ನೀರಿನಲ್ಲೇ ಗೂಟಗಳ ಬೇಲಿ ಕಟ್ಟಿ, ಹಾಲಿನ ಪುಡಿಗೆ ಎಣ್ಣೆ ಕಲಸಿ, ಮಿಸ್ ಓರ್ಲೀನ್ ಹಳದಿ ಕೋಟಿನಲ್ಲೇ ಎದೆಮಟ್ಟದ ನೀರಿಗಿಳಿದು ಅದಕ್ಕೆ ಬಾಟಲಿಯಲ್ಲಿ ಕುಡಿಸುತ್ತಿದ್ದರು. ಕುಡಿಸುವ ಮೊದಲು ದೋಣಿಯ ಅಂಚಿಗೆ ಹುಟ್ಟಿನಿಂದ ಟೊಕ್ ಟೊಕ್ ಎಂದು ಬಡಿಯುತ್ತಿದ್ದರು. ಎಲ್ಲಿದ್ದರೂ ಅದು ಮೂತಿ ಎತ್ತಿ ಬರುತ್ತಿತ್ತು. ಊರೇ ನಿಂತು ನೋಡುತ್ತಿತ್ತು. ಜೀವನದಲ್ಲಿ ಮದುವೆಯ ಮಾತನ್ನೇ ಎತ್ತಗೊಡದ ಆ ಹೆಂಗಸಿನ ಮುಖದಲ್ಲಿ ಆಗ ಇದ್ದದ್ದನ್ನು ನಾನು ತಾಯ್ತನವೆಂದೇ ಕರೆಯುತ್ತೇನೆ, ಅವರಿಗೆ ಆ ಮಾತು ಇಷ್ಟವಾಗದಿದ್ದರೂ. ಅದು ಬಲಿತ ಮೇಲೆ ಬೇಲಿ ತೆಗೆದರು. ಕೆಲವು ಕಾಲ ಬಂದು ಹೋಗುತ್ತಿದ್ದದ್ದು ಕ್ರಮೇಣ ದೂರದ ಕಾಲುವೆಗಳಿಗೆ ಹೋಯಿತು. ಅದನ್ನು ಅವರು ಗೆಲುವು ಎಂದರು.

ವರ್ಷಗಳು ಕಳೆದವು. ಒಂದು ಮಳೆಗಾಲದ ಬೆಳಿಗ್ಗೆ, ಮಕ್ಕಳಿಗೆ ಡಾಲ್ಫಿನ್ ಪಾಠ ಹೇಳಲು ಅವರನ್ನು ಕರೆಯಲೆಂದು ಹೋಗಿ ನಾನು ಜಗಲಿಯಲ್ಲಿ ಕೂತಿದ್ದೆ. ದಾಮಾನ ಹೆಂಡತಿ ಸಿಲ್ವೇರಿಯಾ ಬಾಳೆಲೆ ಮುಚ್ಚಿದ ಬೋಗುಣಿ ಹಿಡಿದು ಬಂದಳು. ಮೆಟ್ಟಿಲು ಹತ್ತಲಿಲ್ಲ.

“ಪಾಲು ತಂದಿದ್ದೀನಿ, ಮಿಸ್. ಹೇಳದೆ ಕೊಡೋಕೆ ಮನಸ್ಸು ಒಪ್ಪಲಿಲ್ಲ. ಕೊಯ್ಯೋವಾಗ ನಾನೇ ನೋಡಿದೆ. ಎಡಗೈ ಮೇಲೆ ಹಗ್ಗದ ಗುರುತಿತ್ತು.”

ಮಿಸ್ ಓರ್ಲೀನ್ ಅವರ ತಲೆ, ನಾನು ಕಂಡಂತೆ ಮೊಟ್ಟಮೊದಲ ಬಾರಿಗೆ, ನೆಟ್ಟಗಾಯಿತು.

“ಎಲ್ಲಿ?” ಎಂದರು.

“ಕೆಳಗಿನ ಕಾಲುವೆ ಬಾಯಲ್ಲಿ. ಕೆಸರು ನೀರು, ಏನೂ ಕಾಣ್ತಿರಲಿಲ್ಲವಂತೆ. ನಮ್ಮ ಮನೆಯವರ ಈಟಿಯ ಬಿದಿರು ದೋಣಿಗೆ ತಗುಲಿ ಸದ್ದಾಯ್ತಂತೆ. ಸದ್ದಾಗಿದ್ದೇ ತಡ, ಅದು ತಾನಾಗೇ ದೋಣಿ ಪಕ್ಕ ಬಂತಂತೆ.”

“ಆಮೇಲೆ?”

ಆ ಮಾತು ಅಷ್ಟು ಸಣ್ಣ ದನಿಯಲ್ಲಿ ಬಂದದ್ದನ್ನು ನಾನು ಕೇಳಿರಲಿಲ್ಲ. ಸಿಲ್ವೇರಿಯಾ ಬೋಗುಣಿಯನ್ನು ಮುಂದೆ ಚಾಚಿದಳು. ಮುಂದಿನದನ್ನು ಹೇಳಬೇಕಾಗಿರಲಿಲ್ಲ. ತಾನಾಗಿ ಬಂದ ಪ್ರಾಣಿ ತನ್ನನ್ನು ಕೊಟ್ಟುಕೊಂಡಿದೆ, ಅದನ್ನು ಬೇಡವೆಂದ ಬೇಟೆಗಾರನಿಗೆ ನೀರು ಮತ್ತೇನನ್ನೂ ಕೊಡುವುದಿಲ್ಲ ಎಂಬ ನಂಬಿಕೆ ದಾಮಾನಂಥವರ ರಕ್ತದಲ್ಲಿದೆ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತು.

ಅಕ್ಕಪಕ್ಕದ ಮನೆಗಳ ಬಾಗಿಲುಗಳಲ್ಲಿ ಜನ ನಿಂತಿದ್ದರು. ಆ ಬೋಗುಣಿಯನ್ನು ಅವರು ಹಿಂದಕ್ಕೆ ಕಳಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಅಂದಿನಿಂದ ಆ ಮನೆಗೆ ಪಾಲು ಬರುತ್ತಿರಲಿಲ್ಲ, ಪಾಲಿನ ಜೊತೆಗೆ ಬರುವ ಸಾವಿನ ಸುದ್ದಿಯೂ ಬರುತ್ತಿರಲಿಲ್ಲ. ಇಡೀ ಬದುಕನ್ನು ಕೊಟ್ಟು ಕಟ್ಟಿದ ಕೆಲಸ ಆ ಜಗಲಿಯ ಮೇಲೆಯೇ ಮುಗಿಯುತ್ತಿತ್ತು. ಮಿಸ್ ಓರ್ಲೀನ್ ಮೆಟ್ಟಿಲಿಳಿದು ಎರಡೂ ಕೈಗಳಿಂದ ಬೋಗುಣಿಯನ್ನು ತೆಗೆದುಕೊಂಡರು.

ಅವರೇ ತೆಂಗಿನಕಾಯಿ ತುರಿದರು, ಅವರೇ ಒಲೆ ಹೊತ್ತಿಸಿದರು. ನಾನು ತಡೆಯಲಾರದೆ, “ಇದೊಂದು ಬೇಡ, ಮಿಸ್ ಓರ್ಲೀನ್. ನಿಮ್ಮ ಕಾಲಿಗೆ ಬೀಳ್ತೀನಿ,” ಎಂದೆ.

“ಮನೆಗೆ ಹೋಗಿ, ಮೇಷ್ಟ್ರೇ. ನಿಮ್ಮ ಪಾಲೂ ಬಂದಿರುತ್ತೆ.”

ನಾನು ಹೋಗಲಿಲ್ಲ. ಅವರು ಬಾಗಿಲು ಮುಚ್ಚಲಿಲ್ಲ. ಊರು ನೋಡುತ್ತಿರುವಂತೆಯೇ ತಟ್ಟೆಗೆ ಬಡಿಸಿಕೊಂಡು, ನೇರವಾಗಿ ಕೂತು, ಒಂದು ತುತ್ತೂ ಬಿಡದೆ ತಿಂದರು. ನನಗೆ ಭಯವಾಯಿತು. ಇವರು ಮನುಷ್ಯರೋ ಅಲ್ಲವೋ ಎಂದು ಆ ಗಳಿಗೆಯಲ್ಲಿ ನಿಜವಾಗಿಯೂ ಅನ್ನಿಸಿತು. ತಟ್ಟೆ ತೊಳೆಯುವಾಗ ಅವರ ಹಳದಿ ಕೋಟಿನ ತೋಳುಗಳು ಮೊಣಕೈಯವರೆಗೆ ನೆನೆದಿದ್ದವು, ಮಡಿಸಿಕೊಳ್ಳಲೂ ಮರೆತಿದ್ದರು.

ಸಂಜೆ ಮೂಳೆಗಳನ್ನು ಕೂಡಿಸಿಕೊಂಡು ದಾಮಾ ದೋಣಿಯ ಹತ್ತಿರ ಬಂದ. ಮಿಸ್ ಓರ್ಲೀನ್ ಆಗಲೇ ಹೋಗಿ ದೋಣಿಯಲ್ಲಿ ಕೂತಿದ್ದರು, ನಾನೂ ಹತ್ತಿದೆ. ಕೆಳಗಿನ ಕಾಲುವೆಯ ಬಾಯಿ ಸೇರುವವರೆಗೆ ಮುದುಕ ಅವರ ಮುಖ ನೋಡಲಿಲ್ಲ.

“ತಾನೇ ಬಂತು ತಾಯಿ,” ಎಂದ ಕೊನೆಗೆ. “ಬಂದದ್ದನ್ನ ಬೇಡ ಅನ್ನೋ ಹಾಗಿಲ್ಲ. ಗುರುತು ಸಿಕ್ಕಿದ್ರೆ ನಾನು...”

“ಗೊತ್ತು ದಾಮಾ. ಬರೋದನ್ನ ಕಲಿಸಿದ್ದು ನಾನು. ಮರ ಬಡಿದ್ರೆ ಹಾಲು ಅಂತ ಕಲಿಸಿದ್ದು ನಾನೇ. ನೀವಲ್ಲ.”

ದಾಮಾ ಮೂಳೆಗಳನ್ನು ಒಂದೊಂದಾಗಿ ನೀರಿಗಿಳಿಸಿದ. ಎಲ್ಲ ಮುಗಿದ ಮೇಲೆ ಅಂಗಿಯ ಜೇಬಿನಿಂದ, ಎಂದಿನಂತೆ ಅವರಿಗೆಂದು ತೆಗೆದಿಟ್ಟಿದ್ದ ಕಿವಿಮೂಳೆಯನ್ನು ತೆಗೆದು ಅಂಗೈಯಲ್ಲಿ ಚಾಚಿದ. ಮಿಸ್ ಓರ್ಲೀನ್ ಅದನ್ನು ನೋಡಿದರು. ಆಮೇಲೆ ಮುದುಕನ ಬೆರಳುಗಳನ್ನು ಅದರ ಮೇಲೆ ಮಡಿಸಿ ಮುಚ್ಚಿದರು.

“ಇದರ ವಯಸ್ಸು ನನಗೆ ಗೊತ್ತು,” ಎಂದರು. “ಎರಡೂ ಕಿವಿ ಅದಕ್ಕೇ ಇರಲಿ.”

ಪ್ರಾಣಿಗಳನ್ನು ಪ್ರೀತಿಸುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರ ಕೈಗಳು ಶುಭ್ರವಾಗಿರುತ್ತವೆ, ಅವರ ಕಣ್ಣೀರು ಸುಳ್ಳಲ್ಲ, ಅವರನ್ನು ಕಂಡು ಯಾರೂ ಬೆಚ್ಚುವುದಿಲ್ಲ. ಮಿಸ್ ಓರ್ಲೀನ್ ಅವರಂಥವರು ಬೇರೆ. ತಾವು ಪ್ರೀತಿಸುವುದರ ಸಾವು ತಮಗೆ ತಿಳಿಯದೆ ಹೋಗಬಾರದೆಂದು ಅವರು ಬಾಗಿಲು ತೆರೆದಿಟ್ಟು ಕೂರುತ್ತಾರೆ. ಸಾವು ಬೋಗುಣಿಯಲ್ಲಿ ಬಂದರೆ ಕೈಚಾಚಿ ತೆಗೆದುಕೊಳ್ಳುತ್ತಾರೆ. ಅಂಥವರನ್ನು ಅರ್ಥಮಾಡಿಕೊಂಡಿದ್ದೇನೆಂದು ಹೇಳುವ ಧೈರ್ಯ ನನಗಿಲ್ಲ. ಮರುದಿನ ಬೆಳಿಗ್ಗೆ ಮಿಸ್ ಓರ್ಲೀನ್ ಶಾಲೆಗೆ ಬಂದು ಮಕ್ಕಳಿಗೆ ಡಾಲ್ಫಿನ್ ಪಾಠ ಹೇಳಿದರು, ತಲೆ ಮತ್ತೆ ಎಡಕ್ಕೆ ವಾಲಿತ್ತು.