ಬೀಡಿ ಸೇದದವರು

ಉಳವಪ್ಪನಿಗೆ ಈಗ ಮಲಗಿ ನಿದ್ದೆ ಮಾಡಲು ಬರುವುದಿಲ್ಲ. ಅಡ್ಡಾದರೆ ಉಸಿರು ಕಟ್ಟುತ್ತದೆ. ಗೋಡೆಗೆ ದಿಂಬು ಆನಿಸಿ, ಕೂತಲ್ಲೇ ಕಣ್ಣು ಮುಚ್ಚುತ್ತಾನೆ. ಬೆಳಿಗ್ಗೆ ಖಾನಾಪುರದ ಬಸ್ ನಿಲ್ದಾಣಕ್ಕೆ ಹೊರಟರೆ ದಾರಿಯಲ್ಲಿ ಯಾರದೋ ಕಟ್ಟೆ ನೋಡಿಕೊಂಡು ಕೂರಬೇಕು. ಹೊರಟ ಬಸ್ಸನ್ನು ಓಡಿ ಹಿಡಿಯುತ್ತಿದ್ದ ಮನುಷ್ಯ ಇವನೇ.

ಕೆಲಸ ಬೆಳಗಾವಿಯ ಆಟೋ ನಗರದ ಒಂದು ಫೌಂಡ್ರಿಯಲ್ಲಿ. ಎರಕ ಹೊಯ್ದ ಕಬ್ಬಿಣ ಆರಿದ ಮೇಲೆ ಉಸುಕಿನ ಅಚ್ಚನ್ನು ಸುತ್ತಿಗೆಯಿಂದ ಒಡೆದು, ಒಳಗಿನ ಸಾಮಾನು ಹೊರಗೆ ತೆಗೆಯುವುದು. ಆಗ ಏಳುವ ಧೂಳು ಹಿಟ್ಟಿಗಿಂತ ಸಣ್ಣದು. ಎದುರಿಗೆ ನಿಂತವನ ಮುಖ ಕಾಣುವುದಿಲ್ಲ. ಉಳವಪ್ಪ ಮೂಗಿಗೆ ಹೆಂಡತಿ ಬಾಳವ್ವನ ಹಳೆಯ ಸೀರೆಯ ತುಂಡು ಕಟ್ಟಿಕೊಳ್ಳುತ್ತಾನೆ. ಕಂಪನಿಯಲ್ಲಿ ಮಾಸ್ಕು ಇಲ್ಲವೇ? ಇವೆಯಲ್ಲ. ತಪಾಸಣೆಯ ಸಾಹೇಬರು ಬರುವ ದಿನ ಹಂಚುತ್ತಾರೆ, ಅವರ ಜೀಪು ಗೇಟು ದಾಟಿದ ಕೂಡಲೇ ವಾಪಸು ಇಸಿದುಕೊಳ್ಳುತ್ತಾರೆ. ಮಾಸ್ಕಿನ ಮೇಲೆ ಅಷ್ಟು ಜೋಪಾನ.

ಅವನ ಮಗಳು ದಾನೇಶ್ವರಿ ಬೆಳಗಾವಿಯಲ್ಲಿ ಸಾರ್ವಜನಿಕ ಆರೋಗ್ಯದ ಎಂ.ಪಿ.ಎಚ್. ಓದುತ್ತಾಳೆ. ಸದಾಶಿವನಗರದಲ್ಲಿ ಗೆಳತಿ ಸಮೃದ್ಧಿಯ ಜೊತೆ ಒಂದು ಕೋಣೆ. ಸೂಜಿ, ಔಷಧದ ಓದಲ್ಲ ಅದು. ಕೆಟ್ಟದ್ದೆಂದು ಗೊತ್ತಿದ್ದೂ ಮನುಷ್ಯ ಯಾಕೆ ಮಾಡುತ್ತಾನೆ, ಅವನ ರೂಢಿ ಬಿಡಿಸುವುದು ಹೇಗೆ ಎಂಬ ಓದು. ಕೊನೆಯ ವರ್ಷದ ಪ್ರಬಂಧಕ್ಕೆ ಮಾರ್ಗದರ್ಶಕಿ ಪ್ರಮಿಳಾ ಮೇಡಂ ಆರಿಸಿಕೊಟ್ಟ ವಿಷಯ, ಫೌಂಡ್ರಿ ಕೆಲಸಗಾರರ ತಂಬಾಕಿನ ಚಟ ಮತ್ತು ಎದೆರೋಗ. ಖರ್ಚು ಕೊಟ್ಟದ್ದು ಉಳವಪ್ಪ ದುಡಿಯುವ ಫೌಂಡ್ರಿಯೇ. ಯಾಕೆ ಕೊಡುತ್ತಾರೆ ಎಂದು ದಾನೇಶ್ವರಿ ಕೇಳಲಿಲ್ಲ. ಯಾರಾದರೂ ಕರೆದು ಕೊಟ್ಟಾಗ ಯಾಕೆಂದು ಕೇಳುವ ಅಭ್ಯಾಸ ಬಡವರ ಮಕ್ಕಳಿಗೆ ಎಲ್ಲಿಂದ ಬರಬೇಕು?

ಊರಿಗೆ ಬಂದಾಗ ಒಲೆಯ ಮುಂದೆ ಕೂತು ಅವ್ವನಿಗೆ ಅದನ್ನೆಲ್ಲ ವಿವರಿಸಿದಳು.

"ಬೀಡಿ ತಂಬಾಕಿಂದ ಎದಿ ಕೆಡತೈತಿ ಅಂತ ತೋರಿಸಬೇಕವ್ವಾ. ಹೌದು, ನಮಗ ಚಟ ಐತಿ ಅಂತ ಮಂದಿ ಅಂದ್ರ ನನ್ನ ಪ್ರಬಂಧ ಛಲೋ ಆಗತೈತಿ. ಇಲ್ಲಂದ್ರ ಎಲ್ಲಾ ಮತ್ತ ಮೊದಲಿಂದ."

ಬಾಳವ್ವ ರೊಟ್ಟಿ ತಿರುವಿ ಹಾಕುತ್ತ, "ಮತ್ತ ಫೀಸ್ ಕಟ್ಟಬೇಕೇನು?" ಅಂದಳು.

"ಕಟ್ಟಬೇಕಾಕ್ಕೈತಿ."

ಗೋಡೆಗೆ ಒರಗಿ ಕೆಮ್ಮುತ್ತಿದ್ದ ಉಳವಪ್ಪ ಕೇಳಿಸಿಕೊಂಡ.

ಫೌಂಡ್ರಿಯ ಚಹಾದ ಶೆಡ್ಡಿನಲ್ಲಿ ಹುಡುಗಿಯರಿಬ್ಬರೂ ಕೂತು ಕೆಲಸಗಾರರನ್ನು ಒಬ್ಬೊಬ್ಬರನ್ನೇ ಕರೆದು ಕೇಳಿದರು. ಮನೆಯವರನ್ನು ತಾನೇ ಕೇಳಬಾರದೆಂಬುದು ನಿಯಮ. ಹಾಗಾಗಿ ಉಳವಪ್ಪನನ್ನು ಸಮೃದ್ಧಿ ಕೇಳಿದಳು. ದಾನೇಶ್ವರಿಯ ಪಾಲಿಗೆ ಬಂದವರಲ್ಲಿ ಭರಮಣ್ಣ ಒಬ್ಬ. ಉಳವಪ್ಪನ ಜೊತೆ ಅದೇ ಬಸ್ಸಿಗೆ ಬಂದು, ಅದೇ ಧೂಳಿನಲ್ಲಿ ದುಡಿಯುವವನು.

"ಬೀಡಿ ಸೇದತೀರೇನ್ರಿ ಕಾಕಾ?"

"ಸೇದತೇನಲ್ಲ ತಂಗಿ. ಕಟ್ಟುಗಟ್ಟಲೆ ಸೇದತೇನಿ. ಬರಕೋ."

ಅವನ ಹಲ್ಲು ಬೆಳ್ಳಗಿದ್ದವು. ಬಾಯಿಂದ ಚಹಾದ ವಾಸನೆಯಷ್ಟೇ ಬರುತ್ತಿತ್ತು. ಅವಳು ಬರೆದುಕೊಂಡಳು. ಮಾಸ್ಕು ಹಾಕುತ್ತೀರಾ ಎಂಬುದೂ ಒಂದು ಪ್ರಶ್ನೆ. ಎಲ್ಲರೂ ಇಲ್ಲ ಅಂದರು. ಯಾಕಿಲ್ಲ ಎಂಬ ಪ್ರಶ್ನೆಯನ್ನು ಮೇಡಂ ಇಟ್ಟಿರಲಿಲ್ಲ.

ಫಲಿತಾಂಶ ಕಂಡು ಮೇಡಂ ಬೆನ್ನು ತಟ್ಟಿದರು. ಫೌಂಡ್ರಿಯ ಮ್ಯಾನೇಜರ್ ಅನಿಕೇತ ಪೇಢೆಯ ಡಬ್ಬಿ ಕಳಿಸಿದ. ಅವನಿಗೇಕೆ ಇಷ್ಟು ಸಂತೋಷ ಎಂಬುದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ.

ಧೂಳಿನಿಂದ ಎದೆ ಕೆಟ್ಟಿದೆ, ಪರಿಹಾರ ಕೊಡಿಸಿ ಎಂದು ಉಳವಪ್ಪ, ಭರಮಣ್ಣ ಮತ್ತು ಕೆಲವರು ವಿಮೆಯ ವೈದ್ಯರ ಮಂಡಳಿಗೆ ಅರ್ಜಿ ಹಾಕಿದ್ದರು. ಚಹಾದ ಶೆಡ್ಡಿನಲ್ಲಿ ಕೊಟ್ಟ ಉತ್ತರ ಅಲ್ಲಿಗೂ ಹೋಗುತ್ತದೆಂದು ಯಾರೂ ಎಣಿಸಿರಲಿಲ್ಲ. ಮಂಡಳಿ ಹೌದೆಂದರೆ ಬದುಕಿರುವವರೆಗೆ ಔಷಧಕ್ಕೆ, ಊಟಕ್ಕೆ ದಾರಿಯಾಗುತ್ತಿತ್ತು. ವಿಚಾರಣೆಯ ದಿನ ಉಳವಪ್ಪ ಸೋತ ಮುಖದಿಂದ ಮನೆಗೆ ಬಂದ. ದಾನೇಶ್ವರಿಯೂ ಊರಿಗೆ ಬಂದಿದ್ದಳು.

"ನಿಮ್ಮದು ಬೀಡಿಯಿಂದ ಬಂದ ಬ್ಯಾನಿ, ಧೂಳಿಂದಲ್ಲ ಅಂತ ಕಂಪನಿ ಹೇಳೇತಿ. ಕಾಲೇಜಿನವ್ರ ಸಂಶೋಧನಾನೂ ಮುಂದ ಇಟ್ಟಾರ. ಮುಂದಿನ ತಾರೀಖಿಗೆ ಅರ್ಜಿ ತಗದು ಹಾಕತಾರಂತ," ಅಂದ.

"ನೀ ಜನ್ಮದಾಗ ಬೀಡಿ ಮುಟ್ಟಿಲ್ಲಲ್ಲ ಅಪ್ಪಾ. ಸಮೃದ್ಧಿ ಕೇಳಿದಾಗ ಏನಂದಿ?"

ಉಳವಪ್ಪ ಎದೆಯ ಮೇಲಿನ ಲಿಂಗವನ್ನು ಅಂಗಿಯ ಮೇಲಿಂದಲೇ ಹಿಡಿದುಕೊಂಡ.

"ಸೇದತೇನಿ ಅಂದ್ನಿ."

"ಯಾಕ?"

"ಹೌದಂದ್ರ ಛಲೋ ಆಗತೈತಿ ಅಂತ ನೀನ ಹೇಳಿದ್ದೆಲ್ಲವಾ. ಭರಮಣ್ಣಗೂ ಹೇಳಿದ್ನಿ, ಎಲ್ಲಾರ್ಗೂ ಹೇಳಿದ್ನಿ. ನಮ್ಮ ಹುಡುಗಿ ಪಾಸಾಗ್ಲಿ, ಒಂದ್ ಸುಳ್ಳು ಹೇಳ್ರಪಾ ಅಂತ."

ಬಾಳವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ದಾನೇಶ್ವರಿಗೆ ತನ್ನ ಮೇಲೆ ಸಿಟ್ಟು ಬಂತು, ಅಪ್ಪನ ಮೇಲೆ ಇನ್ನೂ ಹೆಚ್ಚು ಬಂತು. ಆದರೆ ಅವನ ಒಳಗೆ ಕುಸಿದ ಎದೆ ನೋಡಿ, ಎದ್ದು ಅವನ ಬೆನ್ನಿಗೆ ದಿಂಬು ಆನಿಸಿದಳು.

ಮರುದಿನ ಮೇಡಂ ಕೋಣೆಗೆ ಹೋದರೆ ಅಲ್ಲಿ ಅನಿಕೇತನೂ ಚಹಾ ಕುಡಿಯುತ್ತ ಕೂತಿದ್ದ.

"ಮೇಡಂ, ಅವ್ರು ನನ್ನ ಸಲುವಾಗಿ ಸುಳ್ಳು ಹೇಳ್ಯಾರ್ರಿ. ಮತ್ತೊಮ್ಮೆ ಕೇಳತೇನ್ರಿ."

"ಈಗ ಪರಿಹಾರದ ಮಾತು ಬಂದೈತಿ, ಅದಕ್ಕ ಉತ್ತರ ತಿರುಗಿಸ್ಯಾರ. ಲಾಭ ಕಂಡಾಗ ಮಂದಿ ಹಿಂಗ ಮಾಡತಾರಂತ ನಾನ ಪಾಠಾ ಮಾಡಿಲ್ಲೇನು ನಿಮಗ?"

ಹೌದು, ಮಾಡಿದ್ದರು. ಪರೀಕ್ಷೆಯಲ್ಲಿ ದಾನೇಶ್ವರಿ ಅದನ್ನು ಚೆನ್ನಾಗಿಯೇ ಬರೆದಿದ್ದಳು. ಅನಿಕೇತ ಕಪ್ಪು ಕೆಳಗಿಟ್ಟು, ಬಹಳ ಮೆತ್ತಗೆ ಹೇಳಿದ.

"ನಿಮ್ಮ ತಂದಿಯವ್ರು ಇನ್ನೂ ನಮ್ಮಲ್ಲೇ ಅದಾರಲ್ರಿ. ಆರಾಮ ಇರಲಿ ಅವ್ರು. ನೀವೂ ಪಾಸಾಗ್ರಿ. ಶುಕ್ರವಾರ ನಿಮ್ಮ ಪ್ರಬಂಧದ ಮಂಡನಾಕ್ಕ ನಾನೂ ಬರತೇನಿ."

ಅವಳು ಅಲ್ಲಿಂದ ನೇರ ಆಟೋ ನಗರಕ್ಕೆ ಬಂದಳು. ಪಾಳಿ ಬಿಡುವ ಹೊತ್ತು. ಮೈತುಂಬ ಬೂದಿಬಣ್ಣ ಹೊತ್ತು ಹೊರಬಂದವರನ್ನು ಗೇಟಿನ ಹೊರಗೆ ನಿಲ್ಲಿಸಿಕೊಂಡು, ಅವರ ಒಂದು ಹೌದು ಎಲ್ಲಿಗೆ ಹೋಗಿ ಮುಟ್ಟಿತೆಂದು ಹೇಳಿದಳು. ಶುಕ್ರವಾರ ಕಾಲೇಜಿಗೆ ಬಂದು ಪರೀಕ್ಷಕರ ಮುಂದೆ ನಿಜ ಹೇಳುತ್ತೀರಾ ಎಂದು ಕೇಳಿದಳು.

"ಈಗ ಖರೇ ಹೇಳಿದ್ರ ನಿನ್ನ ಪದವಿ?" ಭರಮಣ್ಣ ಕೇಳಿದ.

"ಹೋಗಬಹುದು ಕಾಕಾ. ನಿಮ್ಮ ಕೆಲಸಾನೂ ಹೋಗಬಹುದು."

"ಎದಿ ಅಂತೂ ಹೋಗೇತಿ," ಅಂದ ಭರಮಣ್ಣ. "ಶುಕ್ರವಾರ ಎಷ್ಟೊತ್ತಿಗೆ ಬರೂಣು?"

ಶುಕ್ರವಾರ ಕಾಲೇಜಿನ ಸಭಾಂಗಣಕ್ಕೆ ಫೌಂಡ್ರಿಯವರು ಬಂದರು. ಕುರ್ಚಿ ಹೊಲಸಾದೀತೆಂದು ಗೋಡೆಗುಂಟ ನಿಂತರು. ಮುಂದಿನ ಸಾಲಿನಲ್ಲಿ ಪರೀಕ್ಷಕರು, ಮೇಡಂ, ಅನಿಕೇತ. ತಯಾರಿಸಿದ ಚಿತ್ರಗಳನ್ನು ದಾನೇಶ್ವರಿ ಪರದೆಯ ಮೇಲೆ ಹಾಕಲೇ ಇಲ್ಲ.

"ನನ್ನ ಸಂಶೋಧನೆ ತಪ್ಪೈತ್ರಿ. ಇವ್ರು ನನ್ನ ಪಾಸ್ ಮಾಡಾಕ ಸುಳ್ಳು ಹೇಳಿದ್ರು. ನಿಮ್ಮ ಮುಂದ ಮತ್ತ ಕೇಳತೇನ್ರಿ. ಭರಮಣ್ಣ ಕಾಕಾ, ಬೀಡಿ ಸೇದತೀರೇನ್ರಿ?"

"ಇಲ್ಲ."

"ಮಾಸ್ಕ್ ಯಾಕ ಹಾಕೂದಿಲ್ರಿ?"

"ಕೊಟ್ರ ಹಾಕತೇವಿ. ಸಾಹೇಬ್ರು ಬಂದಾಗಷ್ಟ ಕೊಡತಾರ, ಹೋದಮ್ಯಾಲ ಕಸಗೋತಾರ."

ಮೇಡಂ ಎದ್ದು ನಿಂತು ಮೈಕು ಬಂದ್ ಮಾಡಿಸಿದರು. ಅವಳು ಮೈಕಿಲ್ಲದೆ ಕೇಳಿದಳು. ಗೋಡೆಗುಂಟ ಒಬ್ಬೊಬ್ಬರೇ ಹೇಳುತ್ತ ಬಂದರು. ಕೆಲವರು ಇಲ್ಲ ಅಂದರು, ಮರಾಠಿಯವರು ನಾಹಿ ಅಂದರು. ಪರೀಕ್ಷಕರಲ್ಲಿ ಒಬ್ಬರು ಪೆನ್ನು ತೆಗೆದು ಬರೆದುಕೊಳ್ಳತೊಡಗಿದರು. ಕೊನೆಗೆ ಉಳವಪ್ಪನ ಸರದಿ ಬಂತು.

"ಅಪ್ಪಾ, ನೀ ಬೀಡಿ ಸೇದತೀಯೇನು?"

ಅವನು ಬಾಯಿ ತೆರೆದ. ಕೆಮ್ಮು ಬಂತು. ಬಗ್ಗಿ ಮೊಣಕಾಲು ಹಿಡಿದುಕೊಂಡರೂ ನಿಲ್ಲಲಿಲ್ಲ. ಯಾರೋ ನೀರು ತಂದರೆ ಕುಡಿಯಲು ಆಗಲಿಲ್ಲ. ಅನಿಕೇತ ಎದ್ದು ಬಾಗಿಲ ಕಡೆ ನಡೆದ.

"ಕುಂದರ್ರಿ," ಅಂದಳು ದಾನೇಶ್ವರಿ. "ನಮ್ಮಪ್ಪ ಇನ್ನೂ ಉತ್ತರ ಹೇಳಿಲ್ಲ."

ಬಾಗಿಲ ಬಳಿ ಭರಮಣ್ಣ ನಿಂತಿದ್ದ, ಅವನ ಬಾಜು ಉಳಿದವರು ಬಂದು ನಿಂತರು. ಯಾರೂ ದಾರಿ ಬಿಡಲಿಲ್ಲ. ಅನಿಕೇತ ಹಿಂದಕ್ಕೆ ಬಂದು ಕುರ್ಚಿಯಲ್ಲಿ ಕೂತ. ಉಳವಪ್ಪ ಇನ್ನೂ ಕೆಮ್ಮುತ್ತಲೇ ಇದ್ದ.