ಹಾರ್ಟ್‌ವೆಲ್ ಬೆಂಚಿನಿಂದ ಎದ್ದು ಬಂದವರು

ಡ್ಯಾರೆಲ್ ಟ್ರಾಸ್ಕ್‌ಗೆ ಆಲ್ಡರ್ ಕ್ರೀಕ್ ಕಾಲೇಜಿನಲ್ಲಿ ಎರಡು ಕೆಲಸ. ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕದ ಫುಟ್‌ಬಾಲ್ ಕಾಲದಲ್ಲಿ ಟೀಮಿನ ಮುಂಚೂಣಿಯಲ್ಲಿ ನಿಂತು ಎದುರಾಳಿಗಳನ್ನು ತಳ್ಳುವ ದಾಂಡಿಗರನ್ನು ಪಳಗಿಸುವುದು. ಉಳಿದ ಕಾಲದಲ್ಲಿ ಐಡಾಹೊ, ಯೂಟಾ, ಮೊಂಟಾನಾ ಎಂದು ಊರೂರು ಸುತ್ತಿ ಅಂಥ ದಾಂಡಿಗರನ್ನು ಹುಡುಕಿ ತರುವುದು. ಮೊದಲನೆಯದು ಅವನಿಗೆ ನೀರು ಕುಡಿದಷ್ಟು ಸಲೀಸು. ಎರಡನೆಯದರಲ್ಲಿ ಮಾತ್ರ ವರ್ಷ ವರ್ಷವೂ ಬರಿಗೈಯಲ್ಲಿ ವಾಪಸು ಬರುತ್ತಿದ್ದ.

ಅದಕ್ಕೆ ಕಾರಣ ಹಾರ್ಟ್‌ವೆಲ್. ಎಂಟು ಕಾಲೇಜುಗಳ ಲೀಗಿನಲ್ಲಿ ಹಾರ್ಟ್‌ವೆಲ್ ಗೆಲ್ಲುವುದು ಸೂರ್ಯ ಮೂಡುವಷ್ಟೇ ಖಚಿತವಾಗಿತ್ತು. ಗೆಲ್ಲುವ ಕಡೆಗೇ ಒಳ್ಳೆಯ ಹುಡುಗರು ಹೋಗುತ್ತಿದ್ದರು, ಅವರು ಹೋದದ್ದರಿಂದ ಅದು ಮತ್ತೆ ಗೆಲ್ಲುತ್ತಿತ್ತು. ಆಟಕ್ಕೆ ಇಳಿಯುವ ಅವಕಾಶ ಸಿಗದೆ ಬೆಂಚು ಕಾಯುವ ಹುಡುಗರೇ ಅಲ್ಲಿ ಒಂದು ಟೀಮಿಗೆ ಆಗುವಷ್ಟಿದ್ದರು. ಉಳಿದ ಏಳು ಕಾಲೇಜುಗಳು ಎರಡನೆಯ ಸ್ಥಾನಕ್ಕೆ ಕಿತ್ತಾಡುತ್ತಿದ್ದವು. ಆಲ್ಡರ್ ಕ್ರೀಕ್‌ಗೆ ಅದೂ ಸಿಗುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಡ್ಯಾರೆಲ್ ಒಬ್ಬ ಹುಡುಗನ ಮೇಲೆ ಜೀವವನ್ನೇ ಇಟ್ಟುಕೊಂಡಿದ್ದ. ಕೆಲೆಪಿ ಮೋವಾಲಾ ಅಂತ. ಸಾಲ್ಟ್ ಲೇಕ್ ಪಕ್ಕದ ವೆಸ್ಟ್ ವ್ಯಾಲಿಯಲ್ಲಿದ್ದ ಟೊಂಗಾ ದ್ವೀಪದವರ ಮನೆಯ ಹುಡುಗ. ಬಾಗಿಲಲ್ಲಿ ನಿಂತರೆ ಬೆಳಕೇ ಒಳಗೆ ಬರದಂಥ ಮೈ, ಮಾತು ಮಾತ್ರ ಹೂವು ಎತ್ತಿಟ್ಟ ಹಾಗೆ. ಒಂದು ಚಳಿಗಾಲವಿಡೀ ಡ್ಯಾರೆಲ್ ಆ ಮನೆಗೆ ಹೋಗಿ ಬಂದ. ಅವರ ಜೊತೆ ಚರ್ಚಿಗೆ ಹೋದ, ಅಜ್ಜಿ ಲವಿನಿಯಾ ಕೆಸುವಿನೆಲೆಯಲ್ಲಿ ಮಾಂಸ, ತೆಂಗಿನ ಹಾಲು ಇಟ್ಟು ಕಟ್ಟಿ ಬೇಯಿಸಿದ ಲೂ ತಿಂದ, ಅವಳು ಬೇಡವೆಂದರೂ ತಟ್ಟೆ ತೊಳೆದ. ಹುಡುಗ ಬಂದೇ ಬರುತ್ತಾನೆ ಅಂತ ಹೆಂಡತಿಗೂ ಹೇಳಿಬಿಟ್ಟಿದ್ದ. ಕೊನೆಗೆ ಯಾವ ಕಾಲೇಜು ಸೇರುತ್ತೇನೆಂದು ಸಾರುವ ದಿನ, ಶಾಲೆಯ ಸಭಾಂಗಣದಲ್ಲಿ, ಮೇಜಿನ ಮೇಲೆ ಎರಡು ಕಾಲೇಜುಗಳ ಟೋಪಿ ಇಟ್ಟುಕೊಂಡು ಕೂತಿದ್ದ ಕೆಲೆಪಿ, ಎಲ್ಲರ ಮುಂದೆ ಹಾರ್ಟ್‌ವೆಲ್ ಟೋಪಿ ತಲೆಗೇರಿಸಿದ. ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಡ್ಯಾರೆಲ್ ಎಲ್ಲರ ಜೊತೆ ಚಪ್ಪಾಳೆ ತಟ್ಟಿ, ಯಾರಿಗೂ ಹೇಳದೆ ಕಾರು ಹತ್ತಿದ. ಆಮೇಲೆ ಆ ಮನೆಯ ಸುದ್ದಿ ಬಂದರೆ ಮಾತು ಬದಲಿಸುತ್ತಿದ್ದ.

ಅದಾದ ಮೇಲೆ ನಿಯಮ ಬದಲಾಯಿತು. ಕಾಲೇಜು ಬದಲಿಸಿದ ಆಟಗಾರ ಮೊದಲಿನ ಹಾಗೆ ಒಂದು ವರ್ಷ ಆಟ ಬಿಟ್ಟು ಕೂರಬೇಕಾಗಿರಲಿಲ್ಲ. ಬೇಸಗೆಯಲ್ಲಿ ಬಂದವನು ಸೆಪ್ಟೆಂಬರಿಗೇ ಆಡಬಹುದಿತ್ತು. ಇದರ ಮೊದಲ ಏಟು ಬಿದ್ದದ್ದು ಡ್ಯಾರೆಲ್‌ಗೇ. ವೇಡ್ ಸೊರೆಲ್ ಎಂಬ ಹುಡುಗನನ್ನು ಅವನು ಕಡ್ಡಿಯಂತಿದ್ದಾಗ ಕರೆತಂದು, ತನ್ನ ಮನೆಯಲ್ಲೇ ಉಣ್ಣಿಸಿ, ಮುಂಚೂಣಿಯ ನಡುವೆ ನಿಂತು ಚೆಂಡು ಹಿಂದಕ್ಕೆ ಕೊಡುವ ಆಟಗಾರನನ್ನಾಗಿ ಬೆಳೆಸಿದ್ದ. ವೇಡ್ ವಸಂತದಲ್ಲಿ ಒಂದು ಮಧ್ಯಾಹ್ನ ಬಂದು, ತಲೆ ತಗ್ಗಿಸಿ, ಹಾರ್ಟ್‌ವೆಲ್‌ಗೆ ಹೋಗುತ್ತೇನೆ ಅಂದ. ಡ್ಯಾರೆಲ್ ಕೈಯನ್ನೂ ಕುಲುಕಲಿಲ್ಲ.

ಮುಖ್ಯ ಕೋಚ್ ಲೋನಿ ಬೆಕ್ ಅವನಿಗಿಂತ ಹದಿನೈದು ವರ್ಷ ಚಿಕ್ಕವನು. ಡ್ಯಾರೆಲ್‌ನ ಗೊಣಗಾಟವನ್ನೆಲ್ಲ ಕೇಳಿಸಿಕೊಂಡು, "ಬಾಗಿಲು ತೆಗೆದಿದೆ ಅಂತ ಅಳ್ತೀಯಲ್ಲ, ಆ ಬಾಗಿಲಲ್ಲಿ ಅವರ ಕಡೆಯಿಂದಲೂ ಜನ ಹೊರಗೆ ಬರಬಹುದು ತಾನೇ?" ಅಂದ. ಹಾರ್ಟ್‌ವೆಲ್ ಬೆಂಚಿನಲ್ಲಿ ಕೂತು ಕೂತು ಬೇಸತ್ತ ನಾಲ್ಕೈದು ಹುಡುಗರು ಬೇರೆ ಜಾಗ ನೋಡುತ್ತಿದ್ದಾರೆ, ಅವರಲ್ಲಿ ಕೆಲೆಪಿಯೂ ಒಬ್ಬ ಅಂತ ತಿಳಿಸಿದ. ಅವನೊಬ್ಬನನ್ನು ಬಿಟ್ಟು ಯಾರ ಮನೆಗೆ ಬೇಕಾದರೂ ಹೋಗುತ್ತೇನೆ ಅಂದ ಡ್ಯಾರೆಲ್. ಬೆಕ್ ಕಾರಿನ ಕೀಲಿಯನ್ನು ಅವನ ಮುಂದೆ ಸರಿಸಿದ.

ಭಾನುವಾರ ಚರ್ಚು ಮುಗಿದ ಹೊತ್ತಿಗೆ ಡ್ಯಾರೆಲ್ ಮೋವಾಲಾ ಮನೆ ತಲುಪಿದ. ಒಳಗೆ ಹೆಜ್ಜೆ ಇಟ್ಟವನು ಹೊಸ್ತಿಲಲ್ಲೇ ನಿಂತ. ಸೋಫಾದ ಮೇಲೆ ಮೆಡಿಸಿನ್ ಬೆಂಡ್ ಕಾಲೇಜಿನ ಕೋಚ್ ನೀಲ್ ಹ್ಯಾಗರ್ಟಿ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಕೂತಿದ್ದ. ಅವನ ಟೀಮೂ ಲೀಗಿನ ತಳದಲ್ಲಿ ಬಿದ್ದಿದ್ದೇ. ಇಬ್ಬರನ್ನೂ ಒಂದೇ ಹೊತ್ತಿಗೆ ಕರೆಸಿದ್ದು ಅಜ್ಜಿ. ಎರಡು ಸಲ ಅಡುಗೆ ಮಾಡುವ ವಯಸ್ಸು ನನ್ನದಲ್ಲ ಅಂತ ಅವಳ ಸಮಜಾಯಿಷಿ. ಡ್ಯಾರೆಲ್ ಬೇರೆ ಜಾಗವಿಲ್ಲದೆ ಹ್ಯಾಗರ್ಟಿಯ ಪಕ್ಕ ಕೂತ. ಸೋಫಾ ಸಣ್ಣದು, ಇಬ್ಬರ ಮೊಣಕೈಗೂ ಜಗಳ.

ಕೆಲೆಪಿ ಎದುರಿನ ನೆಲದ ಮೇಲೆ ಚಾಪೆಯಲ್ಲಿ ಕೂತಿದ್ದ. ಪಕ್ಕದಲ್ಲಿ ಅವನ ಗೆಳೆಯ ಬ್ರೈಸ್. ವಯೋಮಿಂಗಿನ ದನದ ಫಾರ್ಮಿನ ಹುಡುಗ, ಹಾರ್ಟ್‌ವೆಲ್‌ನಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗಳ ಸಾಲಿನಲ್ಲಿ ನಾಲ್ಕನೆಯವನು. ಎಲ್ಲಿಗೆ ಹೋದರೂ ಒಟ್ಟಿಗೇ ಹೋಗೋಣ ಅಂತ ಇಬ್ಬರೂ ಮಾತಾಡಿಕೊಂಡಿದ್ದರು.

ಕೋಚ್‌ಗಳಿಬ್ಬರೂ ತಮ್ಮ ತಮ್ಮ ಕಾಲೇಜನ್ನು ಹೊಗಳಿದರು. ಒಬ್ಬ ಹೊಸ ಜಿಮ್ ಅಂದರೆ ಇನ್ನೊಬ್ಬ ಹೊಸ ಹಾಸ್ಟೆಲ್ ಅಂದ. ಅಜ್ಜಿ ಕೆಸುವಿನ ಗೆಡ್ಡೆ ಬಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

"ಅದೆಲ್ಲ ಇರಲಿ. ನಿಮ್ಮಿಬ್ಬರಲ್ಲಿ ಹಾರ್ಟ್‌ವೆಲ್‌ನ ಸೋಲಿಸಿದೋರು ಯಾರಪ್ಪಾ?"

ಹ್ಯಾಗರ್ಟಿ ಗೆಡ್ಡೆ ಅಗಿಯುವುದನ್ನು ನಿಲ್ಲಿಸಿದ. ಬ್ರೈಸ್ ನಗು ತಡೆಯಲಾರದೆ ಮುಖ ತಿರುಗಿಸಿದ. ಆಮೇಲೆ ಅಜ್ಜಿಯೇ ನಕ್ಕಳು. ಅವಳ ಹಿಂದೆ ಎಲ್ಲರೂ ನಕ್ಕರು, ಡ್ಯಾರೆಲ್ ಕೂಡ. ಮೂರು ವರ್ಷದಿಂದ ಎದೆಯಲ್ಲಿ ಗಂಟು ಬಿದ್ದಿದ್ದೇನೋ ಆ ನಗುವಿನಲ್ಲಿ ಸ್ವಲ್ಪ ಸಡಿಲಾಯಿತು.

ಆಗ ಕೆಲೆಪಿ ಮೊದಲ ಸಲ ಬಾಯಿ ತೆರೆದ. ತಮ್ಮಿಬ್ಬರನ್ನೂ ತೆಗೆದುಕೊಂಡರೆ ಬ್ರೈಸ್‌ಗೆ ಆಡುವ ಅವಕಾಶ ಸಿಗುತ್ತದಾ ಅಂತ ಡ್ಯಾರೆಲ್‌ನ ಮುಖ ನೋಡಿ ಕೇಳಿದ. ಡ್ಯಾರೆಲ್‌ಗೆ ಉತ್ತರ ಗೊತ್ತಿತ್ತು. ಆಲ್ಡರ್ ಕ್ರೀಕ್‌ನಲ್ಲಿ ಎರಡನೆಯ ವರ್ಷದ ಒಬ್ಬ ಕ್ವಾರ್ಟರ್‌ಬ್ಯಾಕ್ ಇದ್ದ, ಒಳ್ಳೆಯವನು, ಇನ್ನೂ ಎರಡು ವರ್ಷ ಅಲ್ಲಾಡುವವನಲ್ಲ. ಸಿಗುತ್ತದೆ ಅಂದುಬಿಟ್ಟರೆ ಇಬ್ಬರೂ ಬರುತ್ತಿದ್ದರು. ಯಾವ ಹುಡುಗ ಕೇಳಿದರೂ ಹಾಗೇ ಅನ್ನಬೇಕೆಂದು ಬೆಕ್ ಹೇಳಿಯೂ ಕಳಿಸಿದ್ದ. ಆದರೆ ಎದುರಿಗೆ ಕೂತಿದ್ದ ಬ್ರೈಸ್‌ನ ಕಣ್ಣಿನಲ್ಲಿ ಎರಡು ವರ್ಷ ಬೆಂಚು ಕಾಯ್ದವನ ಸುಸ್ತಿತ್ತು.

"ಇಲ್ಲ ಕಣೋ," ಅಂದ ಡ್ಯಾರೆಲ್. "ನಮ್ಮಲ್ಲಿ ಬಂದ್ರೆ ನೀನು ಮತ್ತೆ ಬೆಂಚೇ. ಇವರ ಹತ್ರ ಎಸೆಯೋರೇ ಇಲ್ಲ. ಹ್ಯಾಗರ್ಟಿ ಜೊತೆ ಹೋದ್ರೆ ಮೊದಲ ಆಟಕ್ಕೇ ಇಳೀತೀಯ."

ಹ್ಯಾಗರ್ಟಿ ತಟ್ಟೆ ಕೆಳಗಿಟ್ಟು ಅವನನ್ನೇ ನೋಡಿದ. ಆಮೇಲೆ ಒಂದು ಥರಾ ಸಂಕೋಚದಿಂದ, ಕೆಲೆಪಿಯ ಜಾಗದಲ್ಲಿ ತನ್ನಲ್ಲಿ ಇಬ್ಬರು ಗಟ್ಟಿ ಹುಡುಗರಿದ್ದಾರೆ, ಅವನಿಗೆ ಆಲ್ಡರ್ ಕ್ರೀಕ್ ಮೇಲು ಅಂತ ತಾನೂ ಒಪ್ಪಿಕೊಂಡ. ಹುಡುಗರಿಬ್ಬರೂ ಹಿತ್ತಲಿಗೆ ಹೋದರು. ಕಿಟಕಿಯಿಂದ ಕಾಣುತ್ತಿತ್ತು: ಬಹಳ ಹೊತ್ತು ಮಾತಾಡಿದರು, ಒಮ್ಮೆ ಬ್ರೈಸ್ ಕೆಲೆಪಿಯ ಭುಜಕ್ಕೆ ಗುದ್ದಿದ, ಗೋಡೆಗೆ ಗುದ್ದಿದ ಹಾಗೆ. ಒಳಗೆ ಬಂದಾಗ ಇಬ್ಬರ ದಾರಿಯೂ ಬೇರೆಯಾಗಿತ್ತು.

ಹೊರಡುವಾಗ ಡ್ಯಾರೆಲ್, ನಿಜ ಹೇಳಿದ್ದು ಒಳ್ಳೆಯದಾಯಿತು ಅಂತ ಮನಸ್ಸಿನಲ್ಲೇ ಬೀಗುತ್ತಾ ಅಜ್ಜಿಗೆ ಕೈಮುಗಿಯುವಷ್ಟು ಬಾಗಿ ಥ್ಯಾಂಕ್ಸ್ ಹೇಳಿದ. ಅವಳು ಅವನ ಕೆನ್ನೆ ತಟ್ಟಿದಳು.

"ನಿಜ ಹೇಳ್ದೆ, ಸಂತೋಷ. ಆದ್ರೆ ನಾನು ಮೊದ್ಲೇ ತೀರ್ಮಾನ ಮಾಡಿದ್ದೆ. ಆಲ್ಡರ್ ಕ್ರೀಕೇ ನಮ್ಗೆ ಹತ್ರ. ಬೆಳಿಗ್ಗೆ ಅಡುಗೆ ಮಾಡ್ಕೊಂಡು ಹೊರಟ್ರೆ ಆಟ ಶುರುವಾಗೋ ಹೊತ್ತಿಗೆ ಬಿಸಿಯಾಗೇ ಇರುತ್ತೆ."

ಬ್ರೈಸ್‌ನನ್ನು ಬಿಟ್ಟುಕೊಟ್ಟ ಸುದ್ದಿ ಕೇಳಿ ಬೆಕ್ ಕೆಂಡವಾದ. ವೈರಿಯ ಕೈಗೆ ಕೋಲು ಕೊಟ್ಟು ಬಂದಿದ್ದೀಯಲ್ಲ ಮಾರಾಯ ಅಂತ ವಾರವಿಡೀ ಚುಚ್ಚಿದ. ಸೆಪ್ಟೆಂಬರಿನಲ್ಲಿ ಅದೇ ಕೋಲಿನಿಂದ ಏಟೂ ಬಿತ್ತು. ಬ್ರೈಸ್ ಎಸೆದ ಚೆಂಡುಗಳನ್ನು ಹಿಡಿಯುತ್ತಾ ಹಿಡಿಯುತ್ತಾ ಮೆಡಿಸಿನ್ ಬೆಂಡ್ ಆಲ್ಡರ್ ಕ್ರೀಕನ್ನು ಸದೆಬಡಿಯಿತು. ಬೆಕ್ ಎರಡು ದಿನ ಡ್ಯಾರೆಲ್ ಜೊತೆ ಮಾತು ಬಿಟ್ಟ.

ಅಕ್ಟೋಬರಿನ ಒಂದು ಶನಿವಾರ ಅದೇ ಮೆಡಿಸಿನ್ ಬೆಂಡ್ ಹಾರ್ಟ್‌ವೆಲ್‌ನ ಮೈದಾನಕ್ಕೇ ಹೋಗಿ ಹಾರ್ಟ್‌ವೆಲ್ಲನ್ನು ಸೋಲಿಸಿತು. ಆಲ್ಡರ್ ಕ್ರೀಕ್ ಹುಡುಗರು ತಮ್ಮ ಆಟ ಗೆದ್ದು ಬಸ್ಸಿನಲ್ಲಿ ಬರುತ್ತಿದ್ದಾಗ ಸುದ್ದಿ ತಲುಪಿತು. ಮೊದಲು ಯಾರೂ ನಂಬಲಿಲ್ಲ. ಆಮೇಲೆ ಕೆಲೆಪಿ ಫೋನಿನಲ್ಲಿ ಬ್ರೈಸ್ ಜೊತೆ ಕಿರುಚಿ ಕಿರುಚಿ ಮಾತಾಡಿದ್ದಕ್ಕೆ ಇಡೀ ಬಸ್ಸು ಎದ್ದು ಕುಣಿಯಿತು, ತಾವೇ ಗೆದ್ದವರ ಹಾಗೆ. ಬೆಕ್ ಹಿಂದಕ್ಕೆ ಬಂದು ಡ್ಯಾರೆಲ್ ಪಕ್ಕ ಕೂತ. ಕೈಯಲ್ಲಿದ್ದ ಚಿಪ್ಸ್ ಪೊಟ್ಟಣ ಅವನ ಕಡೆ ಚಾಚಿದ.

ಅಲ್ಲಿಂದ ಮುಂದೆ ಲೀಗಿನಲ್ಲಿ ಯಾರು ಯಾರನ್ನು ಹೊಡೆಯುತ್ತಾರೆ ಅಂತ ದೇವರಿಗೂ ತಿಳಿಯದ ಹಾಗಾಯಿತು. ಹಾರ್ಟ್‌ವೆಲ್‌ನಿಂದ ಎದ್ದ ಉಳಿದ ಹುಡುಗರೂ ಬೇರೆ ಬೇರೆ ಟೀಮು ಸೇರಿದ್ದರು. ಹಿಂದೆ ಎರಡನೆಯ ಅರ್ಧಕ್ಕೆ ಖಾಲಿಯಾಗುತ್ತಿದ್ದ ಗ್ಯಾಲರಿಗಳಲ್ಲಿ ಜನ ಹಿಮದಲ್ಲೂ ಕಂಬಳಿ ಹೊದ್ದು ಕೊನೆಯತನಕ ಕೂರುವುದಕ್ಕೆ ಶುರುಮಾಡಿದರು.

ನವೆಂಬರಿನ ಕೊನೆಯ ಆಟ ಆಲ್ಡರ್ ಕ್ರೀಕ್‌ನಲ್ಲಿ, ಹಾರ್ಟ್‌ವೆಲ್ ಎದುರು. ಅವರ ಮುಂಚೂಣಿಯ ನಡುವೆ ವೇಡ್, ಅವನ ಎದುರು ಕೆಲೆಪಿ. ವೇಡ್‌ನ ಕಾಲು, ಭುಜ, ಉಸಿರು ಎಲ್ಲ ಡ್ಯಾರೆಲ್‌ಗೆ ಗೊತ್ತು, ಅವನೇ ತಿದ್ದಿದ್ದು. ಕೆಲೆಪಿಗೆ ಎಲ್ಲವನ್ನೂ ಹೇಳಿಕೊಟ್ಟಿದ್ದ. ಆದರೂ ಇಬ್ಬರೂ ಡಿಕ್ಕಿ ಹೊಡೆದಾಗಲೆಲ್ಲ ಅವನಿಗೆ ಯಾರ ಕಡೆ ನೋಡಬೇಕೋ ತಿಳಿಯುತ್ತಿರಲಿಲ್ಲ. ಒಮ್ಮೆ ಕೆಲೆಪಿ ವೇಡ್‌ನನ್ನು ಎತ್ತಿ ಹಾಕಿದಂತೆ ಹಿಂದಕ್ಕೆ ನೂಕಿದ, ಗ್ಯಾಲರಿಯೇ ನಡುಗಿತು. ಮುಂದಿನ ಸಲ ವೇಡ್ ಸೊಂಟ ತಗ್ಗಿಸಿ ಅವನನ್ನು ತಡೆದು ನಿಲ್ಲಿಸಿದ. ಡ್ಯಾರೆಲ್‌ನ ಬಾಯಿಂದ ತನಗೇ ತಿಳಿಯದೆ "ಭೇಷ್" ಬಂತು. ಪಕ್ಕದಲ್ಲಿದ್ದ ಬೆಕ್ ಕೆಕ್ಕರಿಸಿ ನೋಡಿದ.

ಕೊನೆಯ ನಿಮಿಷದ ಒಂದು ಕಿಕ್‌ನಲ್ಲಿ ಹಾರ್ಟ್‌ವೆಲ್ ಮೂರು ಪಾಯಿಂಟ್‌ಗೆ ಗೆದ್ದಿತು. ಪ್ರಶಸ್ತಿ ಮಾತ್ರ ಆ ವರ್ಷ ಮೆಡಿಸಿನ್ ಬೆಂಡ್ ಪಾಲಾಯಿತು. ಆಲ್ಡರ್ ಕ್ರೀಕ್ ನಾಲ್ಕನೆಯದು. ಆಟ ಮುಗಿದ ಮೇಲೂ ಜನ ಎದ್ದು ಹೋಗದೆ ನಿಂತೇ ಇದ್ದರು, ಸೋತ ಹುಡುಗರು ಒಳಗೆ ಹೋಗುವತನಕ ಚಪ್ಪಾಳೆ ತಟ್ಟಿದರು.

ಪಾರ್ಕಿಂಗ್ ಜಾಗದಲ್ಲಿ ಮೋವಾಲಾ ಮನೆಯವರು ವ್ಯಾನಿನ ಹಿಂಬಾಗಿಲು ತೆರೆದು ಅಡುಗೆ ಹರವಿದ್ದರು. ಮೊಣಕಾಲಿಗೆ ಮಂಜುಗಡ್ಡೆ ಕಟ್ಟಿಕೊಂಡ ಕೆಲೆಪಿ ಆಗಲೇ ಎರಡನೆಯ ತಟ್ಟೆಯಲ್ಲಿದ್ದ. ಹಾರ್ಟ್‌ವೆಲ್ ಬಸ್ಸಿನ ಕಡೆಯಿಂದ ವೇಡ್ ಒಬ್ಬನೇ ನಡೆದು ಬಂದು ಡ್ಯಾರೆಲ್‌ನಿಂದ ನಾಲ್ಕು ಮಾರು ದೂರದಲ್ಲಿ ನಿಂತ. ಕೈಗಳನ್ನು ಎಲ್ಲಿಡಬೇಕು ಅಂತ ತಿಳಿಯದವನ ಹಾಗಿದ್ದ.

"ಕೋಚ್, ಇನ್ನೂ ಸಿಟ್ಟಾ?"

ಡ್ಯಾರೆಲ್ ಅವನ ಕಿವಿಯ ಹತ್ತಿರ ಒಣಗಿದ್ದ ಮಣ್ಣನ್ನು ನೋಡಿದ. ಸಿಟ್ಟಿತ್ತು, ಸ್ವಲ್ಪ. ಇಲ್ಲ ಅಂದರೆ ಸುಳ್ಳಾಗುತ್ತಿತ್ತು.

"ಎಡಗಾಲು ಈಗಲೂ ಬೇಗ ಎತ್ತುತ್ತೀಯ," ಅಂದ. "ಬಾ, ಮೊದ್ಲು ಊಟ ಮಾಡು. ಆಮೇಲೆ ಹೇಳ್ಕೊಡ್ತೀನಿ."

ಲವಿನಿಯಾ ಅಷ್ಟರಲ್ಲಿ ಇನ್ನೊಂದು ತಟ್ಟೆ ತೆಗೆದಿದ್ದಳು. ಯಾವ ಕಾಲೇಜಿನ ಹುಡುಗ ಅಂತ ಅವಳು ಕೇಳಲೂ ಇಲ್ಲ.